ಒಂದು ಗುಂಡಿಗೆ ಎಷ್ಟು ಬಿತ್ತು?

ಒಂದು ಪೌಂಡಿಗೆ 7,000 ಗ್ರೇನು. ಪಾಯಿಂಟ್ ಮೂವತ್ತೆಂಟರ ರಿವಾಲ್ವರಿಗೆ ಹಾಕುವ ಸೀಸದ ಗುಂಡು ಸಾಮಾನ್ಯವಾಗಿ 158 ಗ್ರೇನು ತೂಗುತ್ತದೆ. ಭಾಗಿಸಿದರೆ ಪೌಂಡಿಗೆ 44 ಗುಂಡು. ಸೀಸವನ್ನು ಪೌಂಡಿಗೆ 2 ಡಾಲರಿನಂತೆ ಕೊಂಡರೂ ಗುಂಡೊಂದಕ್ಕೆ ಬೀಳುವುದು ನಾಲ್ಕೂವರೆ ಸೆಂಟು. ಅಂಗಡಿಯವನು ಹತ್ತು ಸೆಂಟು ಕೇಳುತ್ತಾನೆ ಅಂತಿಟ್ಟುಕೊಳ್ಳಿ. ಐದೂವರೆ ಸೆಂಟು ಉಳಿಯಿತಲ್ಲ! ಈ ಮಗ್ಗಿಯನ್ನು ನನಗೆ ಒಪ್ಪಿಸಿದವರು ಅಮೆರಿಕದಲ್ಲಿರುವ ನನ್ನ ಮಗನ ನೆರೆಯವರು, ಅಂಚೆ ಇಲಾಖೆಯಲ್ಲಿದ್ದು ನಿವೃತ್ತರಾದ ಯಜಮಾನರು.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪ-ಅಮ್ಮಂದಿರ ಪಾಡು ನಿಮಗೆ ಗೊತ್ತಿರಬಹುದು. ಬೆಳಗ್ಗೆ ಎಂಟಕ್ಕೆ ಮನೆ ಖಾಲಿ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಚೌಕಾಸಿ ಮಾಡೋಣವೆಂದರೆ ಸೊಪ್ಪಿನವಳೂ ಬರುವುದಿಲ್ಲ. ಬಾಗಿಲು ತೆರೆದ ಗರಾಜೊಂದು ಕಂಡರೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಅಮೆರಿಕದ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಕಾರು ಬಿಸಿಲಲ್ಲಿ ನಿಂತಿರುತ್ತದೆ. ಯಜಮಾನರ ಗರಾಜಿನಲ್ಲಿ ಇಪ್ಪತ್ತು ಪೌಂಡು ಸೀಸ ಹಿಡಿಯುವ ವಿದ್ಯುತ್ ಕುಲುಮೆ ಇತ್ತು. ಸೀಸ 327 ಡಿಗ್ರಿಗೆ ಕರಗುತ್ತದೆ. ಅವರು ಅದಕ್ಕೊಂದು ಮೋಂಬತ್ತಿಯ ಚೂರು ಹಾಕಿ ಕದಡಿ, ಮೇಲೆ ಬಂದ ಕಿಟ್ಟವನ್ನು ಚಮಚದಲ್ಲಿ ತೆಗೆದು, ಅಚ್ಚಿಗೆ ಎರೆದು, ಒಂದು ಕ್ಷಣ ಬಿಟ್ಟು ಅಚ್ಚು ಬಿಡಿಸಿದರೆ ಹಳೆಯ ಟವಲಿನ ಮೇಲೆ ಬೆಳ್ಳಿಯಂತೆ ಹೊಳೆಯುವ ಗುಂಡುಗಳು ಉದುರುತ್ತಿದ್ದವು. ಅಚ್ಚು ಕಾಯುವವರೆಗೆ ಬರುವ ಮೊದಲ ಒಬ್ಬೆಯ ಮೈಯೆಲ್ಲ ಸುಕ್ಕು. ಅವನ್ನು ಅವರು ನಿರ್ವಿಕಾರವಾಗಿ ಮತ್ತೆ ಕುಲುಮೆಗೇ ಎಸೆಯುತ್ತಿದ್ದರು. ಜೊತೆಗೆ ಬಂದು ನೋಡುತ್ತಿದ್ದ ನನ್ನಾಕೆ ನಿಟ್ಟುಸಿರು ಬಿಟ್ಟಳು: “ನೋಡ್ರೀ, ನಮ್ಮ ಚಕ್ಕುಲಿಗೆ ಈ ಭಾಗ್ಯ ಇಲ್ಲ.”

ಎರಡನೆಯ ಭೇಟಿಗೆ ನನ್ನಲ್ಲಿನ ಲೆಕ್ಕಿಗ ಎಚ್ಚೆತ್ತ. ಕುಲುಮೆಗೆ ಎಷ್ಟಾಯಿತು ಎಂದು ಕೇಳಿದೆ. ಅದು ಮಗಳು ಕೊಟ್ಟ ಉಡುಗೊರೆಯಂತೆ, ಲೆಕ್ಕಕ್ಕಿಲ್ಲ. ಅಚ್ಚುಗಳು? ಕೋವಿಗೊಂದು ಅಚ್ಚು ಬೇಕು. ಮೊದಲು ಎರಡು ಗುಂಡಿನ ಅಚ್ಚು ಕೊಂಡಿದ್ದರು. ನಿಧಾನವಾಯಿತೆಂದು ಆರು ಗುಂಡಿನದು ಬಂತು. ಅದು ಬಂಡವಾಳ, ಖರ್ಚಲ್ಲ. ಶಾಖ ನೋಡಲು ಥರ್ಮಾಮೀಟರು, ಗುಂಡನ್ನು ಒಂದೇ ಗಾತ್ರಕ್ಕೆ ತರುವ ಯಂತ್ರ, ಮೇಲೆ ಸವರಲು ಜೇನುಮೇಣ, ಸೀಸದ ಗಡಸುತನ ಅಳೆಯುವ ಇನ್ನೊಂದು ಸಾಧನ, ಇವೆಲ್ಲ “ಹೇಗೂ ಬೇಕಾಗಿದ್ದವು”. ಶನಿವಾರ-ಭಾನುವಾರಗಳ ಕೂಲಿ? ನಿವೃತ್ತರಿಗೆಂಥ ಕೂಲಿ! ಹೀಗೆ ಒಂದೊಂದೇ ಬಾಬ್ತು ಬೇರೆ ಬೇರೆ ಖಾತೆಗೆ ಹೋಗಿ, ಗುಂಡಿನ ಖಾತೆಯಲ್ಲಿ ನಾಲ್ಕೂವರೆ ಸೆಂಟು ಮಾತ್ರ ಉಳಿದಿತ್ತು. ಸರ್ಕಾರದ ಮುಂಗಡಪತ್ರ ಬರೆಯುವವರು ಈ ಗರಾಜಿಗೊಮ್ಮೆ ಬಂದು ಹೋಗಬೇಕು.

ಇನ್ನೊಂದು ಸೂಕ್ಷ್ಮವೂ ಇದೆ. ತೋಟೆಯೊಂದರಲ್ಲಿ ಗುಂಡು ನಾಲ್ಕರಲ್ಲಿ ಒಂದು ಪಾಲು ಅಷ್ಟೆ. ಹಿತ್ತಾಳೆಯ ಚಿಪ್ಪು, ಕೇಪು, ಮದ್ದು ಇವು ಉಳಿದ ಮೂರು. ಚಿಪ್ಪನ್ನು ಆರಿಸಿ ತಂದು ಮತ್ತೆ ಬಳಸಬಹುದು. ಕೇಪು, ಮದ್ದುಗಳನ್ನು ಅಂಗಡಿಯವನು ಹೇಳಿದ ಬೆಲೆಗೇ ತರಬೇಕು. ಗುಂಡು ಅಗ್ಗವಾಯಿತೆಂದು ಯಜಮಾನರು ಮೊದಲಿಗಿಂತ ಹೆಚ್ಚು ಸುಡುತ್ತಾರೆ. ಹೆಚ್ಚು ಸುಟ್ಟಂತೆಲ್ಲ ಕೇಪು, ಮದ್ದಿನ ಬಿಲ್ಲು ಏರುತ್ತದೆ. ಐದೂವರೆ ಸೆಂಟಿನ ಉಳಿತಾಯ ಗುರಿಯ ಹಿಂದಿನ ಮಣ್ಣಿನ ದಿಬ್ಬದಲ್ಲಿ ಹೂತುಹೋಗುತ್ತದೆ. ಆಮೇಲೆ ಆ ದಿಬ್ಬವನ್ನು ಜರಡಿ ಹಿಡಿದು ಸೀಸ ಹೆಕ್ಕುವವರೂ ಇದ್ದಾರೆ. ಅವರ ಪ್ರಕಾರ ಅದು ಪುಕ್ಕಟೆ ಸೀಸ.

ಸೀಸ ಸಂಪಾದಿಸುವುದೇ ಈ ವಿದ್ಯೆಯ ರಸವತ್ತಾದ ಭಾಗ. ಹಿಂದೆ ಟೈರು ಅಂಗಡಿಗಳಲ್ಲಿ ಬಕೆಟ್ಟುಗಟ್ಟಲೆ ಸಿಗುತ್ತಿತ್ತು. ಕಾರಿನ ಚಕ್ರದ ತೂಕ ಸರಿದೂಗಿಸಲು ಅಂಚಿಗೆ ಸಿಕ್ಕಿಸುತ್ತಾರಲ್ಲ, ಆ ಬಿಲ್ಲೆಗಳು ಸೀಸದವು. ಯುರೋಪು ಹೊಸ ಕಾರುಗಳಿಗೆ ಅವನ್ನು 2005ರಲ್ಲಿ ನಿಷೇಧಿಸಿತು. ಅಮೆರಿಕದಲ್ಲೂ ವಾಷಿಂಗ್ಟನ್, ಮೇಯ್ನ್, ವರ್ಮಾಂಟ್, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು ಬೇಡವೆಂದವು. ಈಗ ಬಕೆಟ್ಟಿನಲ್ಲಿ ಕಬ್ಬಿಣವೂ ಸತುವೂ ಬೆರೆತು ಬರುತ್ತವೆ. ಕಬ್ಬಿಣ ಸಭ್ಯ ಲೋಹ, ಕರಗದೆ ತೇಲುತ್ತದೆ. ಸತು ಕಪಟಿ. 419 ಡಿಗ್ರಿ ದಾಟಿದರೆ ಸದ್ದಿಲ್ಲದೆ ಕರಗಿ ಬೆರೆತು ಇಡೀ ಒಬ್ಬೆಯನ್ನೇ ಗಂಜಿ ಮಾಡುತ್ತದೆ. ಅದಕ್ಕೇ ಆ ಥರ್ಮಾಮೀಟರು. ಯಜಮಾನರು ಒಂದೊಂದೇ ಬಿಲ್ಲೆಯನ್ನು ಕತ್ತರಿಯಲ್ಲಿ ಚಿವುಟಿ, ಮೆತ್ತಗಿದ್ದರೆ ಸೀಸ, ಇಲ್ಲದಿದ್ದರೆ ಕಸ ಎಂದು ವಿಂಗಡಿಸುತ್ತಿದ್ದರು. ಅಕ್ಕಿಯಲ್ಲಿ ಕಲ್ಲು ಆರಿಸಲು ಎಂದೂ ಕೂರದ ನಾನು ಅಲ್ಲಿ ಕೂತು ಸತು ಆರಿಸಿಕೊಟ್ಟೆನೆಂಬುದನ್ನು ನನ್ನಾಕೆ ಈಗಲೂ ನಾಲ್ಕು ಜನರ ಮುಂದೆ ಹೇಳುತ್ತಾಳೆ.

ಅವರ ಖಜಾನೆಯ ಕೊಹಿನೂರು ಮಾತ್ರ ಬೇರೆ. ಹಳೆಯ ಬಿಸ್ಕತ್ ಡಬ್ಬದಲ್ಲಿ ಒಂದಷ್ಟು ಲೋಹದ ಪಟ್ಟಿಗಳಿದ್ದವು, ಅವುಗಳ ಅಂಚಿನಲ್ಲಿ ತಿರುವುಮುರುವಾದ ಅಕ್ಷರಗಳು. ಲೈನೋಟೈಪ್! 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಕೆಲಸಕ್ಕಿಳಿದ ಮರ್ಗೆಂಥಾಲರನ ಯಂತ್ರ ಎರಕ ಹೊಯ್ದ ಸಾಲುಗಳು. ಸೀಸಕ್ಕೆ ನೂರಕ್ಕೆ 12ರಷ್ಟು ಆಂಟಿಮನಿ, 4ರಷ್ಟು ತವರ ಬೆರೆತ ಈ ಲೋಹ ಗಟ್ಟಿಯೂ ಹೌದು, ಅಚ್ಚಿನ ಮೂಲೆಮೂಲೆಗೆ ಹರಿದು ತುಂಬುವಂಥದೂ ಹೌದು. ಅಕ್ಷರಕ್ಕೆ ಬೇಕಾದ ಗುಣ ಗುಂಡಿಗೂ ಬೇಕು. 1978ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಕೂಡ ಬಿಸಿ ಸೀಸಕ್ಕೆ ವಿದಾಯ ಹೇಳಿತು. ಹೀಗೆ ಒಂದೊಂದೇ ಮುದ್ರಣಾಲಯ ಖಾಲಿಯಾದಾಗ ಗುಂಡು ಎರೆಯುವವರು ಬಕೆಟ್ಟು ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದರು. ನಮ್ಮ ಕನ್ನಡದ ಅಚ್ಚುಮೊಳೆಗಳದ್ದೂ ಇದೇ ಕುಲ: ಸೀಸ, ಆಂಟಿಮನಿ, ತವರ. ನನ್ನ ಮೊದಲ ಲೇಖನವನ್ನೂ ಅಂಥ ಮೊಳೆ ಜೋಡಿಸಿಯೇ ಅಚ್ಚು ಹಾಕಿದ್ದರು. ಸೀಸದಿಂದಲೇ ಹೊರಟದ್ದಾದರೂ ಅದು ಯಾರಿಗಾದರೂ ತಗುಲಿದ ವರದಿ ಇಲ್ಲ.

ಅಕ್ಷರ ಗುಂಡಾಗುವುದೇನು, ಅರಸನೇ ಗುಂಡಾದದ್ದುಂಟು. ನ್ಯೂಯಾರ್ಕಿನ ಬೌಲಿಂಗ್ ಗ್ರೀನಿನಲ್ಲಿ 1770ರಲ್ಲಿ ಮೂರನೆಯ ಜಾರ್ಜ್ ದೊರೆಯ ಪ್ರತಿಮೆ ನಿಲ್ಲಿಸಿದ್ದರು. ಕುದುರೆ ಸಮೇತ ಸೀಸದ್ದು, ಮೇಲೆ ಚಿನ್ನದ ಲೇಪ. 1776ರ ಜುಲೈ 9ರ ಸಂಜೆ ಸ್ವಾತಂತ್ರ್ಯ ಘೋಷಣೆಯನ್ನು ಓದಿ ಹೇಳಿದ್ದೇ ತಡ, ಜನ ಹಗ್ಗ ಕಟ್ಟಿ ದೊರೆಯನ್ನು ಕೆಡವಿದರು. ತುಂಡುಗಳು ಕನೆಟಿಕಟ್ಟಿನ ಲಿಚ್‌ಫೀಲ್ಡಿಗೆ, ಆಲಿವರ್ ವುಲ್ಕಾಟನ ಮನೆಗೆ ಬಂದವು. ಅಲ್ಲಿ ಗುಂಡು ಎರೆದವರು ಹೆಂಗಸರು, ಮಕ್ಕಳು. ಯಾರು ಎಷ್ಟು ಮಾಡಿದರೆಂದು ಬರೆದಿಟ್ಟ ಪಟ್ಟಿ ಉಳಿದಿದೆ: ಒಟ್ಟು 42,088. ಹಿರಿಯ ಮಗಳು ಲಾರಾ 8,378. ಅವಳಿಗಿಂತ ಚಿಕ್ಕವಳಾದ ಮೇರಿ ಆ್ಯನ್ 10,790. ಎಂಟು ವರ್ಷದ ಫ್ರೆಡರಿಕ್ 936. ಆ ಹುಡುಗ ಎಷ್ಟು ಸಲ ಆಟಕ್ಕೆ ಓಡಿಹೋದನೆಂಬುದನ್ನು ಈ ಅಂಕಿಯೇ ಚಾಡಿ ಹೇಳುತ್ತದೆ. ಸೀಸ ಪುಕ್ಕಟೆ, ಕೂಲಿ ಸೊನ್ನೆ. ಇಷ್ಟು ಅಗ್ಗವಾಗಿ ಮನೆಯಲ್ಲಿ ಗುಂಡು ಎರೆದವರು ಬೇರೆ ಇರಲಿಕ್ಕಿಲ್ಲ. ಪ್ರತಿಮೆಯ ಖರ್ಚು ಬೇರೆ ಖಾತೆ! ಆದರೂ ಸೀಸವೆಲ್ಲ ಲೆಕ್ಕಕ್ಕೆ ಸಿಗಲಿಲ್ಲ. ದೊರೆಯ ಕಡೆಯವರು ದಾರಿಯಲ್ಲೇ ಕೆಲವು ತುಂಡು ಎಗರಿಸಿ ಹೂತಿಟ್ಟರಂತೆ. ಕುದುರೆಯ ಬಾಲ 1871ರಲ್ಲಿ ಅದೇ ಕನೆಟಿಕಟ್ಟಿನ ವಿಲ್ಟನ್ ಎಂಬ ಊರಲ್ಲಿ ಸಿಕ್ಕಿತು.

ಮನೆಯಲ್ಲಿ ಸೀಸ ಎರೆದು ನಿಜವಾಗಿ ದುಡ್ಡು ಮಾಡಿದವನನ್ನು ಹುಡುಕಿದರೆ ಇಂಗ್ಲೆಂಡಿನ ಬ್ರಿಸ್ಟಲಿನ ವಿಲಿಯಂ ವಾಟ್ಸ್ ಸಿಗುತ್ತಾನೆ. ಅವನದು ಗುಂಡಲ್ಲ, ಚರೆ. ಕರಗಿದ ಸೀಸವನ್ನು ಎತ್ತರದಿಂದ ಜರಡಿಯಲ್ಲಿ ಸುರಿದರೆ ಹನಿಗಳು ಬೀಳುತ್ತ ಬೀಳುತ್ತ ತಾವೇ ದುಂಡಗಾಗುತ್ತವೆ, ಕೆಳಗೆ ನೀರಿಗೆ ಬಿದ್ದು ಗಟ್ಟಿಯಾಗುತ್ತವೆ ಎಂಬುದು ಅವನಿಗೆ ಹೊಳೆಯಿತು. ಕನಸಿನಲ್ಲಿ ಹೊಳೆಯಿತಂತೆ, ಕನಸು ಗಂಡನದೋ ಹೆಂಡತಿಯದೋ ಎಂಬುದರಲ್ಲಿ ಕತೆ ಹೇಳುವವರಿಗೆ ಒಮ್ಮತವಿಲ್ಲ. ಎತ್ತರ ಬೇಕಿತ್ತು. ರೆಡ್‌ಕ್ಲಿಫಿನ ತನ್ನ ಮನೆಯ ಮಹಡಿಗಳಿಗೇ ತೂತು ಕೊರೆದ, ಮಾಡಿನ ಮೇಲೆ ಗೋಪುರ ಎಬ್ಬಿಸಿದ, ಕೆಳಗೆ ಗುಹೆಯವರೆಗೆ ಬಾವಿ ತೋಡಿದ. 1782ರಲ್ಲಿ ಪೇಟೆಂಟೂ ಬಂತು, ಹಣವೂ ಬಂತು. ಆ ಹಣವನ್ನೆಲ್ಲ ಕ್ಲಿಫ್ಟನ್ ಗುಡ್ಡದ ಅಂಚಿನಲ್ಲಿ ಭವ್ಯ ಮನೆಗಳ ಸಾಲು ಕಟ್ಟಲು ಹೂಡಿದ. ಗುಡ್ಡ ಜರಿಯದಂತೆ ತಡೆಗೋಡೆ ಕಟ್ಟುವುದರಲ್ಲೇ ಗಂಟು ಕರಗಿ ದಿವಾಳಿಯಾದ. ಮನೆಯೊಳಗಿನ ಗೋಪುರ ಮಾತ್ರ 1968ರವರೆಗೆ ನಿಂತಿತ್ತು.

ಯಾವ ಖಾತೆಗೂ ಹಾಕಲಾಗದ ಖರ್ಚೊಂದಿದೆ, ಅದರ ಬಗ್ಗೆ ಯಜಮಾನರು ತಮಾಷೆ ಮಾಡುವುದಿಲ್ಲ. ಸೀಸದ ಧೂಳು ಮೈಗೆ ಸೇರಿದರೆ ರಕ್ತದಲ್ಲಿ ಕೂರುತ್ತದೆ, ಮೂಳೆಗಿಳಿಯುತ್ತದೆ. ಮಕ್ಕಳ ಮಿದುಳಿಗೆ ಅದರಷ್ಟು ಕೆಟ್ಟದ್ದು ಕಡಿಮೆ. ಮೊಮ್ಮಕ್ಕಳಿಗೆ ಗರಾಜಿಗೆ ಪ್ರವೇಶವಿಲ್ಲ, ಅಲ್ಲಿ ಕಾಫಿ ಇಲ್ಲ, ಅಲ್ಲಿ ಮೆಟ್ಟಿದ ಜೋಡು ಮನೆಯ ಹೊಸ್ತಿಲು ದಾಟುವಂತಿಲ್ಲ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಬೇಟೆಯ ಹೆಣದಲ್ಲಿ ಉಳಿದ ಸೀಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ತಾಮ್ರದ್ದಾದರೆ ಅಡ್ಡಿಯಿಲ್ಲ. ಆದರೆ ತಾಮ್ರ ಕರಗಲು 1,085 ಡಿಗ್ರಿ ಬೇಕು, ಗರಾಜಿನ ಮಾತಲ್ಲ. ಈ ಕಾನೂನು ಸರಿಯೆಂದೇ ನನ್ನ ಮತ. ರಣಹದ್ದಿನ ಕಡೆಯಿಂದ ಲೆಕ್ಕ ಬರೆಯುವವರು ಯಾರಾದರೂ ಬೇಕಲ್ಲ. ಯಜಮಾನರು ಕೇಳಿ ಸುಮ್ಮನಾದರು. ತಾವು ಸುಡುವುದು ಕಾಗದದ ಗುರಿಗೆ ಮಾತ್ರ ಎಂದರು.

ನಿಮ್ಮ ಕಡೆ ಹೇಗೆ ಎಂದು ಅವರು ಕೇಳಿದಾಗ ಕೊಡಗಿನ ವಿಷಯ ಹೇಳಿದೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ ಎಂದೆ. ಅವರ ಕಣ್ಣು ಅಗಲವಾಯಿತು. ಒಂದು ತೆಂಗಿನಕಾಯಿಗೆ ಎಷ್ಟು ಬೀಳುತ್ತದೆ ಎಂದರು. ಹೇಳಿದೆ. ಡಾಲರಿಗೆ ತಿರುಗಿಸಿ ಏನೋ ಗುಣಿಸಿದರು. ನಮ್ಮಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ದುಗುಂಡು ಮಾಡಿದರೆ ಪೊಲೀಸರು ಬರುತ್ತಾರೆ ಎಂದಾಗ ಮಾತ್ರ ಅವರ ಮುಖದಲ್ಲಿ ನಮ್ಮ ದೇಶದ ಬಗ್ಗೆ ಕನಿಕರ ಮೂಡಿತು. ಹಾಗಾದರೆ ನಿಮ್ಮ ಟೈರು ಅಂಗಡಿಗಳ ಬಿಲ್ಲೆಯೆಲ್ಲ ಏನಾಗುತ್ತದೆ ಎಂದು ಕೇಳಿದರು. ವಿಚಾರಿಸಿ ತಿಳಿಸುತ್ತೇನೆಂದು ಮಾತು ಕೊಟ್ಟೆ.

ಕೊಟ್ಟ ಮಾತು ಕೊಟ್ಟದ್ದೇ. ಮೈಸೂರಿಗೆ ಬಂದ ಮೇಲೆ ನಮ್ಮ ಟೈರು ಅಂಗಡಿಯವನನ್ನು ಕೇಳಿದೆ. ಅವನು ಕಾಲಲ್ಲೇ ಒಂದು ಡಬ್ಬ ಮುಂದೆ ನೂಕಿ, “ಸೀಸಾನೂ ಬರುತ್ತೆ, ಕಬ್ಬಿಣಾನೂ ಬರುತ್ತೆ. ಸೀಸ ಗುಜರಿಯವ್ನಿಗೆ ತೂಕಕ್ಕೆ ಹಾಕ್ತೀನಿ. ನಿಮಗ್ಯಾಕೆ ಸಾರ್, ಮೀನಿನ ಬಲೆಗಾ?” ಎಂದ. ಪಕ್ಕದಲ್ಲಿ ಒಬ್ಬ ಪೊಲೀಸಿನವರು ಬೈಕಿಗೆ ಗಾಳಿ ಹಾಕಿಸುತ್ತ ನಿಂತಿದ್ದರು. ನಾನು ಹುಟ್ಟು ಸಸ್ಯಾಹಾರಿ. ಹೌದು, ಬಲೆಗೆ ಎಂದೆ.