ಎರವಲು ಇ-ಪುಸ್ತಕ: ಲಕ್ಷಣ, ವಿಧಿ, ಫಲ

ಇ-ಪುಸ್ತಕವು ಹುಟ್ಟುವಾಗಲೇ ಒಂದು ಗಂಭೀರ ನ್ಯೂನತೆಯನ್ನು ಹೊತ್ತುಕೊಂಡು ಬಂದಿತು. ಅದು ಎಷ್ಟು ಜನಕ್ಕೆ ಕೊಟ್ಟರೂ ಮುಗಿಯುತ್ತಿರಲಿಲ್ಲ. ಒಬ್ಬರು ಓದುತ್ತಿರುವಾಗಲೇ ಇನ್ನೊಬ್ಬರು, ಅವರ ಜೊತೆಗೆ ಊರಿಗೆ ಊರೇ, ಅದೇ ಪುಸ್ತಕದ ಅದೇ ಪುಟವನ್ನು ಓದಬಹುದಾಗಿತ್ತು. ಹಾಳೆ ಹರಿಯದು, ಗೆದ್ದಲು ಹತ್ತದು, ಒಯ್ದವರು ವರ್ಗವಾಗಿ ಬಳ್ಳಾರಿಗೆ ಹೋದರೂ ಕಪಾಟಿನಲ್ಲಿ ಜಾಗ ಖಾಲಿಯಾಗದು. ಇಂತಹ ಅಶಿಸ್ತಿನ ವಸ್ತುವನ್ನು ಸಾರ್ವಜನಿಕ ಗ್ರಂಥಾಲಯದ ಕಟ್ಟುಪಾಡಿಗೆ ಒಳಪಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಅಮೆರಿಕದ ಗ್ರಂಥಾಲಯಗಳು, ಪ್ರಕಾಶಕರು ಮತ್ತು ಇವರಿಬ್ಬರ ನಡುವೆ ಕುಳಿತ ಕಂಪನಿಗಳು ಎರಡು ದಶಕಗಳ ಪರಿಶ್ರಮದಿಂದ ಇದನ್ನು ಸಾಧಿಸಿದ ಬಗೆಯನ್ನು ಇಲ್ಲಿ ನಿರೂಪಿಸಲಾಗಿದೆ.

ಅಧ್ಯಯನದ ಅನುಕೂಲಕ್ಕಾಗಿ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯನ್ನು ಆರಿಸಿಕೊಳ್ಳಲಾಗಿದೆ. ಸಿಯಾಟಲ್ ನಗರಕ್ಕೆ ತನ್ನದೇ ಗ್ರಂಥಾಲಯವಿದ್ದು, ಅದರ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್ ಮೊದಲಾದ ಊರುಗಳನ್ನು ಸುಮಾರು 50 ಶಾಖೆಗಳ ಕೌಂಟಿ ಗ್ರಂಥಾಲಯ ನೋಡಿಕೊಳ್ಳುತ್ತದೆ. ಸಾಫ್ಟ್‌ವೇರ್ ಕಾರಣದಿಂದ ಇಲ್ಲಿ ಕನ್ನಡಿಗರ ವಸತಿಯೂ ಸಾಕಷ್ಟಿದೆ. ಇಡೀ ಜಗತ್ತಿನ ಕಾಯುವಿಕೆಯನ್ನು ತಪ್ಪಿಸುವ ಸಾಫ್ಟ್‌ವೇರನ್ನು ಹಗಲು ಬರೆಯುವ ಈ ಜನ, ರಾತ್ರಿ ಒಂದು ಕಾದಂಬರಿಗಾಗಿ ಸರದಿಯಲ್ಲಿ ನಿಲ್ಲುತ್ತಾರೆ ಎಂಬುದು ಅಧ್ಯಯನಕ್ಕೆ ಹೆಚ್ಚಿನ ಬೆಲೆ ತಂದಿದೆ.

ಮೊದಲು ‘ಉಚಿತ’ ಎಂಬುದರ ಸ್ವರೂಪವನ್ನು ತಿಳಿಯತಕ್ಕದ್ದು. ಈ ಗ್ರಂಥಾಲಯ ಮುಖ್ಯವಾಗಿ ಆಸ್ತಿ ತೆರಿಗೆಯ ಮೇಲೆ ನಡೆಯುತ್ತದೆ. ಆದ್ದರಿಂದ ಇಲ್ಲಿ ಉಚಿತವೆಂದರೆ, ಹಣವನ್ನು ಮೊದಲೇ ಕೊಟ್ಟು ಮರೆತಿರುವ ಸ್ಥಿತಿ. ಕರ್ನಾಟಕದಿಂದ ಹೋದವರಿಗೆ ಇದು ಹೊಸದಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಪ್ರಕಾರ ನಮ್ಮಲ್ಲಿಯೂ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟಬೇಕಾಗಿದ್ದು, ಅದೀಗ ತೆರಿಗೆಯ ನೂರಕ್ಕೆ 6ರಷ್ಟಿದೆ. ತೆರಿಗೆ ರಸೀದಿಯನ್ನು ಕೊನೆಯ ಸಾಲಿನವರೆಗೆ ಓದುವ ನಾಗರಿಕರು ಆ ಓದನ್ನೇ ವರ್ಷದ ಗ್ರಂಥಾಲಯ ಬಳಕೆಯೆಂದು ಲೆಕ್ಕಕ್ಕೆ ಹಿಡಿಯಬಹುದು. ಹಲವರು ಹಾಗೆಯೇ ಹಿಡಿದಿದ್ದಾರೆ.

ಇನ್ನು ಚರಿತ್ರೆ. ಕ್ಲೀವ್‌ಲೆಂಡಿನಲ್ಲಿ 1986ರಲ್ಲಿ ಹುಟ್ಟಿದ ಓವರ್‌ಡ್ರೈವ್ ಎಂಬ ಕಂಪನಿ, 2003ರಲ್ಲಿ ಅದೇ ಊರಿನ ಸಾರ್ವಜನಿಕ ಗ್ರಂಥಾಲಯದ ಮೂಲಕ ಇ-ಪುಸ್ತಕಗಳನ್ನು ಎರವಲು ಕೊಡುವ ವ್ಯವಸ್ಥೆ ಮಾಡಿತು. 2017ರಲ್ಲಿ ಇದೇ ಕಂಪನಿ ಲಿಬ್ಬಿ ಎಂಬ ಆ್ಯಪ್ ತಂದಿತು. ಇಂದು ಅಮೆರಿಕದ ಓದುಗರು ಗ್ರಂಥಾಲಯಕ್ಕೆ ಹೋಗಿಬಂದೆವು ಎನ್ನುವಾಗ ಬಹಳ ಸಲ ಲಿಬ್ಬಿಗೆ ಹೋಗಿಬಂದಿರುತ್ತಾರೆ. ಈ ಎರವಲಿನ ಮೂಲಸೂತ್ರ ಅತ್ಯಂತ ಸರಳ: ಒಂದು ಪ್ರತಿ, ಒಬ್ಬ ಓದುಗ. ಗ್ರಂಥಾಲಯ ಹತ್ತು ಪ್ರತಿಗಳಿಗೆ ಪರವಾನಗಿ ಕೊಂಡಿದ್ದರೆ ಏಕಕಾಲಕ್ಕೆ ಹತ್ತು ಜನ ಓದಬಹುದು. ಹನ್ನೊಂದನೆಯವರು ಕಾಯಬೇಕು. ಹನ್ನೊಂದನೆಯವರಿಗೆ ಪ್ರತಿ ಮಾಡಿಕೊಡಲು ಕಂಪ್ಯೂಟರಿಗೆ ಬೇಕಾಗುವ ಸಮಯ ಸೆಕೆಂಡಿಗಿಂತ ಕಡಿಮೆ ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಆದರೆ ಇದೇ ತರ್ಕವನ್ನು ಒಪ್ಪಿದರೆ ಹನ್ನೆರಡನೆಯವರಿಗೂ ಕೊಡಬೇಕಾಗುತ್ತದೆ.

ಅಭಾವವನ್ನು ಹೀಗೆ ಸ್ಥಾಪಿಸಿದ ಮೇಲೆ ಸವೆತವನ್ನು ಸ್ಥಾಪಿಸುವ ಕಾರ್ಯ ಉಳಿದಿತ್ತು. 2011ರಲ್ಲಿ ಹಾರ್ಪರ್‌ಕಾಲಿನ್ಸ್ ಪ್ರಕಾಶನ ಸಂಸ್ಥೆ ಇದನ್ನು ಕೈಗೆತ್ತಿಕೊಂಡಿತು. ಮುದ್ರಿತ ಪುಸ್ತಕ ಕೈಬದಲಾಗುತ್ತ ಹೋದಂತೆ ಹಳತಾಗುತ್ತದೆ, ಇ-ಪುಸ್ತಕ ಮಾತ್ರ ಯಾಕಾಗಬಾರದು ಎಂಬ ನ್ಯಾಯಬದ್ಧ ಚಿಂತನೆಯಿಂದ, ಒಂದು ಪರವಾನಗಿ 26 ಎರವಲುಗಳ ನಂತರ ತೀರಿಹೋಗತಕ್ಕದ್ದೆಂದು ಗೊತ್ತುಮಾಡಲಾಯಿತು. ಎರಡು ವಾರಕ್ಕೊಬ್ಬರಂತೆ 26 ಜನ, ಅಂದರೆ ಸರಿಯಾಗಿ ಒಂದು ವರ್ಷದ ಆಯಸ್ಸು. 26ನೆಯವರು ಹಿಂತಿರುಗಿಸಿದ ಕ್ಷಣ, ಯಾರೂ ಸಾರು ಚೆಲ್ಲದಿದ್ದರೂ, ಯಾವ ಮಗುವೂ ಕ್ರೆಯಾನ್ ಹಚ್ಚದಿದ್ದರೂ ಪುಸ್ತಕ ಜೀರ್ಣವಾಗುತ್ತದೆ. ಈಗ ಹಲವು ದೊಡ್ಡ ಪ್ರಕಾಶಕರು ಎಣಿಕೆಯ ಶ್ರಮವನ್ನೂ ಉಳಿಸಿ, ಪರವಾನಗಿಗೆ 2 ವರ್ಷದ ಅವಧಿ ಹಾಕಿದ್ದಾರೆ. ಯಾರೂ ಓದದಿದ್ದರೂ ಅದು ಸವೆಯುತ್ತದೆ. ಮನೆಯಲ್ಲಿ ಕೊಳ್ಳುವವರಿಗೆ 15 ಡಾಲರಿಗೆ ಶಾಶ್ವತವಾಗಿ ಸಿಗುವ ಇ-ಪುಸ್ತಕದ ಇಂಥ ಸವೆಯುವ ಪ್ರತಿಗೆ ಗ್ರಂಥಾಲಯ 50 ಡಾಲರಿಗೂ ಮಿಕ್ಕಿ ಕೊಡುವುದುಂಟು. ಸವೆತದಂಥ ವಿಶೇಷ ಗುಣವನ್ನು ಕೈಯಾರೆ ಅಳವಡಿಸಬೇಕಾಗುವುದರಿಂದ ಬೆಲೆ ಹೆಚ್ಚಿರುವುದು ಸಹಜ.

ಈ ಕ್ಷೇತ್ರದ ಅತ್ಯಂತ ಧೀರ ಪ್ರಯೋಗವೆಂದರೆ ಮ್ಯಾಕ್‌ಮಿಲನ್ ಸಂಸ್ಥೆಯದು. 2019ರ ನವೆಂಬರ್ 1ರಿಂದ, ಹೊಸ ಪುಸ್ತಕವೊಂದು ಹೊರಬಂದ ಮೊದಲ 8 ವಾರ ಒಂದು ಗ್ರಂಥಾಲಯ ವ್ಯವಸ್ಥೆಗೆ, ಅದು ಎಷ್ಟೇ ದೊಡ್ಡದಿರಲಿ, ಒಂದೇ ಇ-ಪ್ರತಿ ಕೊಡುವುದೆಂದು ಅದು ತೀರ್ಮಾನಿಸಿತು. ಕಿಂಗ್ ಕೌಂಟಿಯ ಗ್ರಂಥಾಲಯ ಹತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಸೇರಿದ್ದು. ಒಬ್ಬರಿಗೆ 21 ದಿನದ ಎರವಲು ಎಂದು ಹಿಡಿದರೆ, 8 ವಾರಗಳಲ್ಲಿ ಪುಸ್ತಕವನ್ನು ಇಬ್ಬರು ಪೂರ್ತಿಯಾಗಿಯೂ, ಮೂರನೆಯವರು ಮೂರರಲ್ಲಿ ಎರಡು ಪಾಲಿನಷ್ಟೂ ಓದಬಹುದಾಗಿತ್ತು. ಉಳಿದ ಒಂದು ಪಾಲನ್ನು ಅವರು ಆ ಇಬ್ಬರ ಬಾಯಿಂದ ಕೇಳಿ ತಿಳಿಯಬಹುದಾಗಿದ್ದರಿಂದ ನೆರೆಹೊರೆಯ ಬಾಂಧವ್ಯ ಬಲಗೊಳ್ಳುವ ಸಾಧ್ಯತೆಯೂ ಇತ್ತು. ಗ್ರಂಥಾಲಯ ಈ ಅವಕಾಶವನ್ನು ಬಳಸಿಕೊಳ್ಳಲಿಲ್ಲ. ಮ್ಯಾಕ್‌ಮಿಲನ್‌ನ ಹೊಸ ಇ-ಪುಸ್ತಕಗಳನ್ನು ಕೊಳ್ಳುವುದನ್ನೇ ನಿಲ್ಲಿಸಿತು. 2020ರ ಮಾರ್ಚ್‌ನಲ್ಲಿ, ಮನುಷ್ಯರೆಲ್ಲ ಮನೆಯೊಳಗೆ ಸೇರಿಕೊಳ್ಳುತ್ತಿದ್ದ ಹೊತ್ತಿಗೆ, ಸಂಸ್ಥೆ ಈ ನಿಯಮವನ್ನು ಕೈಬಿಟ್ಟಿತು.

ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರ ದೃಷ್ಟಿಯಿಂದ ಇದನ್ನೆಲ್ಲ ಪರಿಶೀಲಿಸುವುದು ಉಚಿತ. ಗಣಿತದ ಅಧ್ಯಾಪಕರಾಗಿದ್ದು ಗ್ರಂಥಪಾಲಕರಾದ ಅವರು 1931ರಲ್ಲಿ ಐದು ನಿಯಮಗಳನ್ನು ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, ಅಲ್ಲಿಯೇ 1972ರಲ್ಲಿ ತೀರಿಕೊಂಡರು. ಓದುಗನ ಸಮಯ ಉಳಿಸಬೇಕೆಂಬುದು ಅವರ ನಾಲ್ಕನೆಯ ನಿಯಮ. ಲಿಬ್ಬಿ ಇದನ್ನು ಅಕ್ಷರಶಃ ಪಾಲಿಸುತ್ತದೆ. ಪುಸ್ತಕದ ಮುಂದೆ ‘ಸುಮಾರು 6 ತಿಂಗಳ ಕಾಯುವಿಕೆ’ ಎಂದು ಕಂಡಾಗ, ಅದನ್ನು ಓದಲು ತಗಲಬಹುದಾಗಿದ್ದ ಅಷ್ಟೂ ಗಂಟೆಗಳು ಓದುಗನಿಗೆ ಉಳಿತಾಯವಾಗುತ್ತವೆ. ಗ್ರಂಥಾಲಯವು ಬೆಳೆಯುವ ಜೀವಿ ಎಂಬುದು ಐದನೆಯ ನಿಯಮ. 2 ವರ್ಷಕ್ಕೊಮ್ಮೆ ಪರವಾನಗಿಗಳು ಉದುರುವುದರಿಂದ ಇದು ಎಲೆ ಉದುರಿಸುವ ಜಾತಿಯ ಜೀವಿಯೆಂದು ಈಗ ತಿಳಿದುಬಂದಿದೆ. ರಂಗನಾಥನ್ ಈ ಉಪಜಾತಿಯನ್ನು ವರ್ಗೀಕರಿಸುವ ಮೊದಲೇ ತೀರಿಹೋದದ್ದು ಶಾಸ್ತ್ರಕ್ಕೆ ಆದ ನಷ್ಟ.

ಎರವಲು ಪಡೆಯುವವರಲ್ಲಿ ಹಲವು ಪಂಗಡಗಳಿದ್ದು, ಸಂಖ್ಯೆಯಲ್ಲಿ ದೊಡ್ಡದು ಕಾಯ್ದಿರಿಸುವವರದು. ಸ್ನೇಹಿತರ ಮನೆಯ ಊಟದಲ್ಲಿ ಯಾರಾದರೂ ಒಂದು ಪುಸ್ತಕದ ಹೆಸರು ಹೇಳಿದರೆ ಸಾಕು, ಇವರು ಮೇಜಿನ ಕೆಳಗೇ ಫೋನು ತೆಗೆದು ಅದನ್ನು ಕಾಯ್ದಿರಿಸುತ್ತಾರೆ. ಪಾಯಸ ಬರುವ ಹೊತ್ತಿಗೆ ಪುಸ್ತಕದ ಬಗ್ಗೆ ಅಧಿಕಾರದಿಂದ ಮಾತಾಡುತ್ತಿರುತ್ತಾರೆ. ಕಾಯ್ದಿರಿಸಿದ ಪುಸ್ತಕಗಳ ವರ್ತನೆ ಮಾತ್ರ ವಿಚಿತ್ರ. ತಿಂಗಳುಗಟ್ಟಲೆ ಮುಖ ತೋರಿಸದ ನೆಂಟರು ಊರ ಜಾತ್ರೆಗೆ ಒಂದೇ ಬಸ್ಸಿನಲ್ಲಿ ಬಂದಿಳಿಯುವಂತೆ ಅವು ಒಂದೇ ವಾರದಲ್ಲಿ ಬಂದು ನಿಲ್ಲುತ್ತವೆ. ಆ ವಾರ ಸಾಮಾನ್ಯವಾಗಿ ಕಚೇರಿಯಲ್ಲಿ ಸಾಫ್ಟ್‌ವೇರ್ ರಿಲೀಸ್ ಇರುವ ವಾರವಾಗಿರುತ್ತದೆ. ಪುಸ್ತಕ ಸಿದ್ಧವೆಂಬ ಸೂಚನೆ ಬಂದ 3 ದಿನದೊಳಗೆ ಪಡೆಯದಿದ್ದರೆ ಅದು ಮುಂದಿನವರಿಗೆ ಹೋಗುತ್ತದೆ.

ಇಂತಹ ಸಂಕಟಕ್ಕಾಗಿಯೇ ಲಿಬ್ಬಿಯಲ್ಲಿ ‘ಆಮೇಲೆ ಕೊಡಿ’ ಎಂಬ ಸೌಲಭ್ಯವಿದೆ. ಇದನ್ನು ಒತ್ತಿದವರು ಸರದಿಯಲ್ಲಿ ತಮ್ಮ ಸ್ಥಾನ ಬಿಡದೆ ಹಿಂದಿನವರನ್ನು ಮುಂದೆ ಹೋಗಗೊಡುತ್ತಾರೆ. ಇದನ್ನು ಮತ್ತೆ ಮತ್ತೆ ಒತ್ತುವ ಮೂಲಕ ಒಂದೇ ಪುಸ್ತಕದ ಸರದಿಯಲ್ಲಿ ಮೊದಲಿಗರಾಗಿಯೇ ಕಾಲ ಕಳೆಯುವ ಗೃಹಸ್ಥರಿದ್ದಾರೆ. ಪುಸ್ತಕವನ್ನು ಓದಿದವರು ನೂರಾರು ಜನ, ಸರದಿಯ ಮೊದಲಿಗರು ಒಬ್ಬರೇ. ಆದ್ದರಿಂದ ಸಮಾಜದಲ್ಲಿ ಎರಡನೆಯದಕ್ಕೆ ಹೆಚ್ಚಿನ ಮರ್ಯಾದೆ.

ಇನ್ನೊಂದು ಪಂಗಡ ಫ್ಲೈಟ್ ಮೋಡ್ ವ್ರತಸ್ಥರದು. ಅಮೆರಿಕದಲ್ಲಿ ಲಿಬ್ಬಿಯ ಪುಸ್ತಕವನ್ನು ಕಿಂಡಲ್ ಎಂಬ ಓದುವ ಯಂತ್ರಕ್ಕೂ ಕಳಿಸಿಕೊಳ್ಳಬಹುದು. ಅವಧಿ ಮುಗಿಯುವ ಮೊದಲೇ ಕಿಂಡಲ್‌ನ ನೆಟ್‌ವರ್ಕ್ ಆರಿಸಿಬಿಟ್ಟರೆ, ಗ್ರಂಥಾಲಯದ ಲೆಕ್ಕದಲ್ಲಿ ಪುಸ್ತಕ ಮುಂದಿನವರಿಗೆ ಹೋದರೂ ಯಂತ್ರದಲ್ಲಿ ಉಳಿದಿರುತ್ತದೆ. ವ್ರತಸ್ಥರು ವಾರಗಟ್ಟಲೆ ಯಂತ್ರಕ್ಕೆ ಜಗತ್ತಿನ ಸಂಪರ್ಕ ತಾಗದಂತೆ ಕಾಯುತ್ತಾರೆ. ಈ ಅವಧಿಯಲ್ಲಿ ತಾವೇ ಹಣ ಕೊಟ್ಟು ಕೊಂಡ ಬೇರೆ ಪುಸ್ತಕವೂ ಬಂದು ಸೇರುವಂತಿಲ್ಲ. ಒಂದು ಎರವಲಿಗಾಗಿ ಸಮಸ್ತ ಸ್ವಂತದ್ದನ್ನೂ ತ್ಯಜಿಸುವ ಈ ಮಾರ್ಗ ಕಠಿಣವಾದುದು. ಮನೆಯ ಮಗುವೊಂದು ತಿಳಿಯದೆ ವೈ-ಫೈ ಒತ್ತಿದರೆ ವ್ರತಭಂಗವಾಗಿ, ಕೊನೆಯ ಅಧ್ಯಾಯ ಕಣ್ಣೆದುರೇ ಹೊರಟುಹೋಗುತ್ತದೆ.

ಹಿರಿಯರ ಪರಿಸ್ಥಿತಿಯನ್ನು ಬೇರೆಯಾಗಿಯೇ ನೋಡಬೇಕು. ಮೈಸೂರಿನಿಂದ ಮಗನ ಮನೆಗೆ ಬರುವ ನಿವೃತ್ತರಿಗೆ ಪ್ರವಾಸಿ ವೀಸಾದ ಮೇಲೆ ಸಾಮಾನ್ಯವಾಗಿ 6 ತಿಂಗಳ ವಾಸಕ್ಕೆ ಅನುಮತಿ ಸಿಗುತ್ತದೆ. ಜನಪ್ರಿಯ ಪುಸ್ತಕದ ಕಾಯುವಿಕೆಯೂ 6 ತಿಂಗಳು. ಎರಡು ಸರ್ಕಾರಿ ವ್ಯವಸ್ಥೆಗಳು ಮಾತಾಡಿಕೊಳ್ಳದೆಯೇ ಇಷ್ಟು ಹೊಂದಿಕೊಂಡ ಉದಾಹರಣೆ ಆಡಳಿತಶಾಸ್ತ್ರದಲ್ಲಿ ವಿರಳ. ಇಂಥ ಮನೆಗಳ ಬೆಳಗಿನ ಸಂಭಾಷಣೆಯ ಮಾದರಿ ಹೀಗಿರುತ್ತದೆ:

“ಮಾವ, ನಿಮ್ಮ ನಂಬರು ಇವತ್ತು ನೂರಾ ನಲವತ್ತಕ್ಕೆ ಬಂದಿದೆ.”

“ನಿನ್ನೆ ಎಷ್ಟಿತ್ತಮ್ಮ?”

“ನೂರಾ ನಲವತ್ತೊಂದು.”

“ಪರವಾಗಿಲ್ಲ. ಒಬ್ಬ ಓದಿ ಮುಗಿಸಿದ.”

ಪುಸ್ತಕ ಸಿದ್ಧವೆಂಬ ಸೂಚನೆ ಬರುವಾಗ ಹಿರಿಯರು ಸಿಯಾಟಲ್ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಸಾಲಿನಲ್ಲಿ ನಿಂತಿರುತ್ತಾರೆ. ಸೊಸೆ ‘ಆಮೇಲೆ ಕೊಡಿ’ ಒತ್ತುತ್ತಾಳೆ. ಮೊಮ್ಮಗುವಿನ ಮುಂದಿನ ಹುಟ್ಟುಹಬ್ಬಕ್ಕೆ ಅವರು ಮತ್ತೆ ಬರುವ ಸಂಭವವಿದೆ.

ಆಡಿಯೋ ಪುಸ್ತಕಗಳಲ್ಲಿ ಮುಖ್ಯವಾದುದು ವೇಗ. ಲಿಬ್ಬಿಯಲ್ಲಿ ಓದುವ ದನಿಯನ್ನು 3 ಪಟ್ಟಿನವರೆಗೆ ಓಡಿಸಬಹುದು. ಬರಾಕ್ ಒಬಾಮ 2020ರ ತಮ್ಮ ಆತ್ಮಕಥನವನ್ನು ತಾವೇ ಓದಿದ್ದಾರೆ. ಅದರ ಉದ್ದ 29 ಗಂಟೆ. ಮೂರು ಪಟ್ಟು ವೇಗದಲ್ಲಿ ಅದು 10 ಗಂಟೆಯೊಳಗೆ ಮುಗಿಯುತ್ತದೆ. ಎಂಟು ವರ್ಷ ಆಳಿದ ಅಧ್ಯಕ್ಷರು ಮಾತಿನ ನಡುವೆ ಯೋಚಿಸಲು ತೆಗೆದುಕೊಳ್ಳುತ್ತಿದ್ದ ವಿರಾಮಗಳೇ ಉಳಿತಾಯದಲ್ಲಿ ದೊಡ್ಡ ಪಾಲು. ಕೌಂಟಿಯ 405ನೇ ಹೆದ್ದಾರಿಯಲ್ಲಿ ದಿನವೂ ಎರಡು ಪಟ್ಟು ವೇಗದಲ್ಲಿ ಕೇಳುತ್ತ ಹೋಗುವವರಿಗೆ ಕಾಲಕ್ರಮೇಣ ಉಳಿದ ಮನುಷ್ಯರ ಮಾತು ನಿಧಾನವೆನಿಸತೊಡಗುತ್ತದೆ. ಹಾಸನದಿಂದ ತಾಯಿ ಕರೆ ಮಾಡಿ ಹಸು ಕರು ಹಾಕಿದ ಸುದ್ದಿ ಆರಂಭಿಸಿದಾಗ ಇವರ ಹೆಬ್ಬೆರಳು ಫೋನಿನ ಪರದೆಯ ಮೇಲೆ ವೇಗದ ಗುಂಡಿಯನ್ನು ಹುಡುಕುವುದು ಕಂಡುಬಂದಿದೆ. ಮಲಗುವಾಗ ಕೇಳುವವರಿಗೆ ತಾನಾಗಿ ನಿಲ್ಲುವ ಟೈಮರ್ ಇದೆ. ಇವರು ಪ್ರತಿ ಪುಸ್ತಕದ ಮೊದಲ ಅಧ್ಯಾಯದಲ್ಲಿ ಅಪಾರ ಪಾಂಡಿತ್ಯ ಪಡೆದಿರುತ್ತಾರೆ.

ಸರದಿಯೇ ಇಲ್ಲದ ಹೂಪ್ಲಾ ಎಂಬ ಸೇವೆಯೂ ಕೆಲವು ಗ್ರಂಥಾಲಯಗಳಲ್ಲಿದೆ. ಅಲ್ಲಿ ಕೇಳಿದೊಡನೆ ಪುಸ್ತಕ ಸಿಗುತ್ತದೆ, ಪ್ರತಿ ಎರವಲಿಗೂ ಗ್ರಂಥಾಲಯ ಹಣ ಕೊಡುತ್ತದೆ, ತಿಂಗಳಿಗೆ ಇಷ್ಟೇ ಎಂಬ ಮಿತಿಯಿರುತ್ತದೆ. ಕಾಯದೆ ಸಿಕ್ಕಿದ ಪುಸ್ತಕ ಚೆನ್ನಾಗಿರಲಾರದೆಂಬ ಅಭಿಪ್ರಾಯ ಅನುಭವಿಗಳಲ್ಲಿರುವುದರಿಂದ ಅದರ ವಿವರ ಇಲ್ಲಿ ಬೇಡ.

ಕೊನೆಯದಾಗಿ ಹಿಂತಿರುಗಿಸುವ ವಿಧಿ. ಇ-ಪುಸ್ತಕಕ್ಕೆ ತಡವಾದ ದಂಡವಿಲ್ಲ, ಏಕೆಂದರೆ ತಡವಾಗುವ ಅವಕಾಶವೇ ಇಲ್ಲ. ಅವಧಿ ಮುಗಿದಾಗ ಅದು ಯಾರನ್ನೂ ಕೇಳದೆ ತಾನಾಗಿ ಮರಳುತ್ತದೆ. ಪತ್ತೇದಾರಿ ಕಾದಂಬರಿಗಳ ವಿಷಯದಲ್ಲಿ, ಕೊಲೆಗಾರನ ಹೆಸರು ಹೊರಬೀಳಲು ಹತ್ತು ಪುಟ ಬಾಕಿಯಿರುವಾಗ ಹೀಗಾಗುವುದು ಹೆಚ್ಚು. ಈ ಕಾರಣದಿಂದ ಕೌಂಟಿಯಲ್ಲಿ ಸಿಕ್ಕಿಬೀಳದೆ ಉಳಿದ ಕೊಲೆಗಾರರ ಸಂಖ್ಯೆಯನ್ನು ಪೊಲೀಸ್ ಇಲಾಖೆ ಈವರೆಗೆ ಪ್ರಕಟಿಸಿಲ್ಲ. ಅದೇ ಕಾದಂಬರಿಯ ಮುದ್ರಿತ ಪ್ರತಿ ಹತ್ತಿರದ ಶಾಖೆಯ ಕಪಾಟಿನಲ್ಲಿ ಯಾರೂ ಮುಟ್ಟದೆ ಇರುವುದುಂಟು. ಆದರೆ ಅದನ್ನು ತರಲು ಕಾಲುಚೀಲ ಹಾಕಿಕೊಳ್ಳಬೇಕಾಗುತ್ತದೆ.

ಅವಧಿಗೆ ಮೊದಲೇ ಓದಿ ಮುಗಿಸಿದವರಿಗಾಗಿ ಆ್ಯಪ್‌ನಲ್ಲಿ ಬೇಗ ಹಿಂತಿರುಗಿಸುವ ಗುಂಡಿಯೊಂದನ್ನು ಇಡಲಾಗಿದೆ. ದಯವಿಟ್ಟು ಅದನ್ನು ಒತ್ತಿ. ಓದದೇ ಇರಲು ಈಗಾಗಲೇ ನಿರ್ಧರಿಸಿದವರೂ ಒತ್ತಬಹುದು, ಕಾರಣ ಕೇಳುವುದಿಲ್ಲ.