ಕೋರಣ್ಣ

ಕಂಪ್ಯೂಟರ್ ಯಾಕೋ ನಿಧಾನ ಎಂದು ಬಾಯಿತಪ್ಪಿ ಅಂದರೆ ಸಾಕು, ಕರೆಯದೆ ಬಂದು ಕುರ್ಚಿ ಎಳೆದುಕೊಂಡು ಕೂರುವ ಮಹಾನುಭಾವನೊಬ್ಬ ಎಲ್ಲ ಊರಲ್ಲೂ ಇರುತ್ತಾನೆ. ಯಾಪಲದಿನ್ನಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಪಾಲಿಗೆ ಬಂದವನನ್ನು ಊರೆಲ್ಲ ಕೋರಣ್ಣ ಅನ್ನುತ್ತದೆ. ಬಂದವನೇ ಐದಾರು ಸಲ ರಿಫ್ರೆಶ್ ಒತ್ತುತ್ತಾನೆ. ಟೆಂಪ್ ಫೋಲ್ಡರ್ ಖಾಲಿ ಮಾಡುತ್ತಾನೆ. ರೀಸ್ಟಾರ್ಟ್ ಆಗುವಷ್ಟರಲ್ಲಿ ಚಹಾ ಬರಬೇಕು. ರೊಕ್ಕ ಮಾತ್ರ ಮುಟ್ಟುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ರೊಕ್ಕ ತಗೊಂಡವನನ್ನು ಬೈಯಬಹುದು, ಇವನನ್ನು ಬೈಯುವುದು ಹೇಗೆ?

ಅವನ ಕುಲದೈವ ಎಂಎಸ್‌ಕಾನ್ಫಿಗ್. ವಿಂಡೋಸ್ ಗುಂಡಿ, ಆರ್ ಎರಡನ್ನೂ ಒತ್ತಿ ಆ ಹೆಸರು ಬರೆದು, ಬೂಟ್ ಎಂಬಲ್ಲಿ ಹೋಗಿ, ಅಡ್ವಾನ್ಸ್‌ಡ್ ಆಪ್ಷನ್ಸ್ ತೆರೆದರೆ ಪ್ರೊಸೆಸರ್‌ಗಳ ಸಂಖ್ಯೆ ಎಂಬ ಚೌಕ ಕಾಣುತ್ತದೆ. ಟಿಕ್ ಇಲ್ಲದಿದ್ದಾಗ ಅದರಲ್ಲಿ ಮಸುಕಾಗಿ 1 ಎಂದು ಇರುತ್ತದೆ. ಆ ಒಂದನ್ನು ಕೋರಣ್ಣ ಗಿರಾಕಿಗಳಿಗೆಲ್ಲ ಕೇಳುವಂತೆ ಬೆರಳಿಟ್ಟು ತೋರಿಸುತ್ತಾನೆ.

“ನೋಡ್ರಿ ಸಾವ್ಕಾರ್ರ, ನಾಕು ಕೋರಿಗೆ ರೊಕ್ಕ ಕೊಟ್ಟೀರಿ, ದುಡಿಯೋದು ಒಂದೇ. ಉಳಿದ ಮೂರೂ ಮಲಗ್ಯಾವ!”

ಆ ಚೌಕ ಇರುವುದು ಕೋರ್‌ಗಳನ್ನು ಎಬ್ಬಿಸಲಿಕ್ಕಲ್ಲ, ಕಡಿಮೆ ಮಾಡಿ ಪರೀಕ್ಷಿಸಲಿಕ್ಕೆ. ಟಿಕ್ ಇಲ್ಲವೆಂದರೆ ಮಿತಿಯಿಲ್ಲ ಎಂದರ್ಥ. ವಿಂಡೋಸ್ ತಾನಾಗಿಯೇ ನಾಲ್ಕನ್ನೂ ದುಡಿಸುತ್ತದೆ. ಇದನ್ನು ಹೇಳಿದರೆ ಅವನು ನನ್ನನ್ನು ಕನಿಕರದಿಂದ ನೋಡುತ್ತಾನೆ. ಕೆಲಸದಲ್ಲಿ ಹಂಚಲಾಗದ ಪಾಲು ಎಷ್ಟಿದೆಯೋ ಅದೇ ವೇಗಕ್ಕೆ ಕಟ್ಟು ಹಾಕುತ್ತದೆ, ಪ್ರೊಸೆಸರ್ ಎಷ್ಟಿದ್ದರೂ ಅಷ್ಟೇ ಎಂದು ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದ್ದಾರೆ ಅಂದೆ. “ಅವ್ರು ಯಾಪಲದಿನ್ನಿಗೆ ಬಂದಿದ್ರೇನು?” ಅಂದ. ನನ್ನ ಬಳಿ ಉತ್ತರವಿರಲಿಲ್ಲ.

ಒಂದು ಮೇ ತಿಂಗಳು. ರಾಯಚೂರು ಸೀಮೆಯ ಬಿಸಿಲು, ಬೆಳೆಸಾಲಕ್ಕೆ ಪಹಣಿ ಬೇಕೆಂದು ಬಾಗಿಲವರೆಗೂ ರೈತರ ಪಾಳಿ. ಹತ್ತು ಗಂಟೆಯವರೆಗೆ ನೆಟ್ಟಗಿದ್ದ ಮಶೀನು ಮಧ್ಯಾಹ್ನವಾದಂತೆ ತೆವಳತೊಡಗಿತು. ಕೋರಣ್ಣ ಬಂದ. ಈ ಸಲ ಹೊಸ ಸಿದ್ಧಾಂತ: ನಾಲ್ಕೂ ಒಟ್ಟಿಗೆ ದುಡಿದು ದಣಿದಿವೆ. “ಶಕ್ತಿನಗರದಾಗ ಪಾಳಿ ಮ್ಯಾಲೆ ಕೆಲಸ ಮಾಡಂಗಿಲ್ಲೇನು? ಎರಡು ದುಡೀಲಿ, ಎರಡು ಮಲಗ್ಲಿ.” ನಾನು ಬೇಡವೆನ್ನುವುದರೊಳಗೆ ಟಿಕ್ ಹಾಕಿ, 2 ಆರಿಸಿ, ರೀಸ್ಟಾರ್ಟ್ ಒತ್ತಿಯೇಬಿಟ್ಟಿದ್ದ. ಆಮೇಲೆ ಒಂದು ಪಹಣಿ ಹೊರಬರುವಷ್ಟರಲ್ಲಿ ಇಬ್ಬರು ರೈತರು ಗೋಡೆಗೊರಗಿ ನಿದ್ದೆಹೋದರು. “ಇವರದೂ ಪಾಳಿ ಏನ್ರೀ?” ಎಂದು ಹಿಂದಿನಿಂದ ಯಾರೋ ಕೇಳಿದರು.

ಕೊನೆಗೆ ಅಂಗಡಿಯ ಹುಡುಗ ಡಬ್ಬಿಯ ಮಗ್ಗುಲು ಬಿಚ್ಚಿದ. ಹಿಂದಿನ ಹತ್ತಿ ಗೋದಾಮಿನಿಂದ ಹಾರಿಬಂದ ಎಳೆಗಳು ಪ್ರೊಸೆಸರ್ ಮೇಲಿನ ಫ್ಯಾನಿಗೆ ಸುತ್ತಿ, ಕೆಳಗಿನ ಲೋಹದ ಪಟ್ಟಿಗಳ ಸಂದಿಯಲ್ಲಿ ಧೂಳಿನೊಂದಿಗೆ ಮೆತ್ತಿಕೊಂಡಿದ್ದವು. ಗಾಳಿಯಾಡದೆ ಕಾದ ಪ್ರೊಸೆಸರ್ ಸುಟ್ಟುಹೋಗದಿರಲಿ ಎಂದು ತನ್ನ ವೇಗ ತಾನೇ ಇಳಿಸಿಕೊಂಡಿತ್ತು. ಹುಡುಗ ಬ್ರಶ್ಶಿನಿಂದ ಬಳಿದ, ಟಿಕ್ ತೆಗೆದ. ಪಹಣಿಗಳು ಹರಿದುಬಂದವು. ಕೋರಣ್ಣ ಮೀಸೆ ತಿರುವಿದ: “ವಿಶ್ರಾಂತಿ ಸಿಕ್ತು ನೋಡ್ರಿ, ಎಷ್ಟು ಚುರುಕಾದ್ವು!”

ಇದೇ ಕೋರಣ್ಣ, ಡಿಗ್ರಿ ಓದುವ ಹುಡುಗಿಯೊಬ್ಬಳ ಸತ್ತುಬಿದ್ದ ಲ್ಯಾಪ್‌ಟಾಪಿಗೆ ತನ್ನ ರೊಕ್ಕದಲ್ಲೇ ಎಸ್‌ಎಸ್‌ಡಿ ಹಾಕಿ, ರಾತ್ರಿಯೆಲ್ಲ ಕೂತು ಎಬ್ಬಿಸಿಕೊಟ್ಟ. ಆ ಮಾತು ಅವನಾಗಿ ಯಾರಿಗೂ ಹೇಳಿಲ್ಲ. ಎಂಎಸ್‌ಕಾನ್ಫಿಗ್ ಬಗ್ಗೆ ಹೇಳದ ದಿನವಿಲ್ಲ.

ಈಗೀಗ ಅವನನ್ನು ಕರೆಯುವವರು ಕಡಿಮೆ. ಹುಡುಗರ ಕೈಯಲ್ಲಿ ಎಂಟು ಕೋರ್‌ಗಳ ಫೋನು. ಒಂದನ್ನು ಇಸಿದುಕೊಂಡು ಸೆಟ್ಟಿಂಗ್ಸ್‌ನ ಮೂಲೆಮೂಲೆ ಹುಡುಕಿದ, ಟಿಕ್ ಹಾಕುವ ಚೌಕ ಎಲ್ಲೂ ಸಿಗಲಿಲ್ಲ. “ಎಂಟು ಅದಾವಂತ, ಕೈ ಹಾಕಾಕ ಜಾಗಾನೇ ಇಲ್ಲ” ಎಂದು ಫೋನು ಹಿಂದಿರುಗಿಸಿದವನ ಮುಖ ನೋಡಿ, ನಾನೇ ಒಂದು ಮಶೀನು ನಿಧಾನ ಮಾಡಿಕೊಡಲೇ ಅನ್ನಿಸಿತು.

ಅದರ ಅಗತ್ಯ ಬೀಳಲಿಲ್ಲ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ನನ್ನ ಹಳೇ ಮಶೀನಿಗೆ 11 ಒಗ್ಗದು. ಕೋರಣ್ಣ ಲಿನಕ್ಸ್ ಹಿಡಿದ. ಅದರ ಕರ್ನಲ್ 1996ರ 2.0 ಆವೃತ್ತಿಯಿಂದಲೇ ಹಲವು ಪ್ರೊಸೆಸರ್ ದುಡಿಸಬಲ್ಲದು. ಬೂಟ್ ಆಗುವಾಗಲೇ ಮ್ಯಾಕ್ಸ್‌ಸಿಪಿಯುಸ್ ಎಂದು ಬರೆದು ಎಷ್ಟು ಕೋರ್ ಏಳಬೇಕೆಂದು ಅಪ್ಪಣೆ ಕೊಡಬಹುದು. ಇದು ಗೊತ್ತಾದ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದ: “ಸಾವ್ಕಾರ್ರ, ಇದರಾಗ ಕೈಲೇ ಬರೀಬೋದು!”

ನಾಳೆ ಪೆನ್‌ಡ್ರೈವ್ ಹಿಡಿದು ಬರುತ್ತಾನಂತೆ. ಮಂಡಾಳ ಒಗ್ಗರಣಿ, ಮಿರ್ಚಿಗೆ ಹೇಳಿಟ್ಟಿದ್ದೇನೆ. ಮಶೀನಿಗೆ ಪಾಸ್‌ವರ್ಡ್ ಹಾಕಿದ್ದೇನೆ.