ಹಸು ಮೂಸಿ ಬಿಟ್ಟ ಗಿಡ

ನಮ್ಮ ಗೇಟಿನ ಪಕ್ಕದ ಹಳದಿ ಕಣಗಿಲೆಗೆ ಬೇಲಿ ಇಲ್ಲ, ಬೇಕಾಗಿಯೂ ಇಲ್ಲ. ದಾಸವಾಳವನ್ನು ಬುಡದವರೆಗೆ ಬೋಳಿಸಿ, ಗೋಡೆಯ ಸಿನಿಮಾ ಪೋಸ್ಟರನ್ನೂ ಅಂಟಿನ ಸಮೇತ ಮೆಲ್ಲುವ ಬೀದಿ ಹಸು ಇದನ್ನು ಮಾತ್ರ ಮೂಸಿ, ‘ನಿನ್ನ ಸಹವಾಸ ಬೇಡಪ್ಪ’ ಎಂಬಂತೆ ಮುಂದೆ ಹೋಗುತ್ತದೆ. ಹೆದ್ದಾರಿಯ ನಡುವೆ ಸಾಲಾಗಿ ಗುಲಾಬಿ ಬಣ್ಣದ ಕಣಗಿಲೆ ನೆಡುವುದೂ ಇದೇ ಧೈರ್ಯದ ಮೇಲೆ: ಹೆಚ್ಚು ನೀರು ಕೇಳುವುದಿಲ್ಲ, ದನ ಬಾಯಿ ಹಾಕುವುದಿಲ್ಲ.

ಹಳದಿಯದು ಮೆಕ್ಸಿಕೊ ಕಡೆಯದು. ಅಷ್ಟು ದೂರದಿಂದ ಬಂದದ್ದು ನೇರ ಶಿವಪೂಜೆಯ ಬುಟ್ಟಿಗೇ ಸೇರಿಕೊಂಡಿತು. ಹಾಲಾಹಲವನ್ನೇ ಕುಡಿದವನಿಗೆ ಇದ್ಯಾವ ಲೆಕ್ಕ! ಬೆಳಗಿನ ವಾಕಿಂಗ್‌ನ ಹೂಗಳ್ಳರಿಗೂ ಇದರ ಗುಣ ಗೊತ್ತು. ಕಿತ್ತಲ್ಲಿ ಜಿನುಗುವ ಬಿಳಿ ಹಾಲನ್ನು ಜೋಪಾನವಾಗಿ ನಮ್ಮ ಕಾಂಪೌಂಡಿಗೇ ಒರೆಸಿ ಹೋಗುತ್ತಾರೆ.

ಆದರೆ ಕಾಯಿಯ ವಿಷಯದಲ್ಲಿ ತಮಾಷೆ ಇಲ್ಲ. ಮೂಲೆ ಮೂಲೆಯಾದ ಆ ಹಸಿರು ಕಾಯೊಳಗಿನ ಬೀಜ ಎದೆಬಡಿತವನ್ನೇ ದಾರಿ ತಪ್ಪಿಸಿ ಕೊಲ್ಲಬಲ್ಲದು. ಮೊಮ್ಮಗ ಬರುವ ದಿನ ಉದುರಿದ್ದನ್ನೆಲ್ಲ ಗುಡಿಸಿ ಎರಡೆರಡು ಸಲ ನೋಡುತ್ತೇನೆ.

“ರೀ, ಇದರ ಬದಲು ಒಂದು ಹಲಸು ಹಾಕಬಾರದಿತ್ತಾ?” ಎಂದಳು ಹೆಂಡತಿ.

“ಹಾಕಬಹುದಿತ್ತು ಕಣೆ, ಆಗ ಇಡೀ ಬೀದಿ ನಮ್ಮ ನೆಂಟರಾಗಿರುತ್ತಿತ್ತು.”